ವೈದ್ಯೆಯ ಓದು ಮತ್ತು ಊರಿನ ಆಯ್ಕೆ

ಓದಿಗಾಗಿ ಊರು ಬಿಡುವುದು ನಮ್ಮ ಭಾಗದವರಿಗೆ ಹೊಸ ಸಂಗತಿಯಲ್ಲ. 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ಪ್ರದೇಶದ ತರುಣರು ಉನ್ನತ ವಿದ್ಯೆಯನ್ನು ಅರಸಿ ಹೈದರಾಬಾದಿನ ದಾರಿ ಹಿಡಿಯುತ್ತಿದ್ದರು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಮಹಾದೇವಪ್ಪ ರಾಂಪೂರೆಯವರ ಪ್ರಯತ್ನದ ಫಲವಾಗಿ 1963ರಲ್ಲಿ ಗುಲಬರ್ಗೆಯಲ್ಲಿಯೇ ವೈದ್ಯಕೀಯ ಮಹಾವಿದ್ಯಾಲಯವೊಂದು ತೆರೆಯಿತು. 2000ದಲ್ಲಿ ಖಾಜಾ ಬಂದಾನವಾಜ್ ಹೆಸರಿನ ಕಾಲೇಜು ಬಂದಿತು. 2010ರ ದಶಕದಲ್ಲಿ ರಾಜ್ಯ ಸರ್ಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಕಾರ್ಮಿಕ ರಾಜ್ಯ ವಿಮಾ ನಿಗಮದ ಕಾಲೇಜೂ ಬಂದವು. ಹೀಗೆ ಒಂದು ಕಾಲಕ್ಕೆ ವೈದ್ಯವಿದ್ಯೆಗಾಗಿ ಬಿಟ್ಟು ಹೋಗಬೇಕಾಗಿದ್ದ ಊರು, ಇಂದು ವೈದ್ಯವಿದ್ಯೆಗಾಗಿಯೇ ಬಂದು ಸೇರುವ ಊರಾಗಿದೆ. 2014ರಲ್ಲಿ ಗುಲಬರ್ಗಾ ಎಂಬ ಹೆಸರು ಅಧಿಕೃತವಾಗಿ ಕಲಬುರಗಿಯಾದುದಕ್ಕಿಂತಲೂ ಇದು ದೊಡ್ಡ ಬದಲಾವಣೆಯೆಂದು ನನ್ನ ಭಾವನೆ.

ನಾನು ಈ ಶಾಲೆಯ ಪ್ರಸಾದ ನಿಲಯದಲ್ಲಿ ಉಂಡು ಬೆಳೆದವನು. ನನ್ನನ್ನು ಇಲ್ಲಿಗೆ ಕಳುಹಿಸುವಾಗ ತೀರ್ಥರೂಪರು ಕೇಳಿದ ಪ್ರಶ್ನೆ ಒಂದೇ: ಹುಡುಗ ಎಲ್ಲಿ ಉಣ್ಣುತ್ತಾನೆ? ಶ್ರೀಮಠವು ಅದಕ್ಕೆ ಉತ್ತರ ಕೊಟ್ಟಿತು. ಉಳಿದುದನ್ನು ಗುರುಗಳು ನೋಡಿಕೊಂಡರು. ಆದರೆ ಇಂದು ತಜ್ಞವೈದ್ಯರಾಗಲು ಹೊರಡುವವರು ಹನ್ನೊಂದು ವರ್ಷದ ಬಾಲಕರಲ್ಲ. ಐದೂವರೆ ವರ್ಷಗಳ ಎಂ.ಬಿ.ಬಿ.ಎಸ್. ಮುಗಿಸಿ, ಪ್ರವೇಶ ಪರೀಕ್ಷೆಗೆಂದು ಮತ್ತೆ ಒಂದೆರಡು ವರ್ಷ ಕಳೆದು, ಮೂರು ವರ್ಷಗಳ ಎಂ.ಡಿ. ಅಥವಾ ಎಂ.ಎಸ್. ಓದಿಗೆ ಸೇರುವ ಹೊತ್ತಿಗೆ ಅವರಿಗೆ ಮದುವೆಯಾಗಿರುತ್ತದೆ, ಮಡಿಲಲ್ಲಿ ಮಗುವಿರುತ್ತದೆ. ಅವರು ಊರು ಆಯುವುದೆಂದರೆ ಒಂದು ಸಂಸಾರವೇ ಊರು ಆಯ್ದಂತೆ. ನನ್ನ ಮಗಳ ವಿಷಯದಲ್ಲಿ ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಶಿಕ್ಷಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಉಪಯೋಗವಾದೀತೆಂಬ ನಂಬಿಕೆಯಿಂದ ಆ ಅನುಭವವನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮಗಳು 2024ರ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣಳಾದಳು. ಮಕ್ಕಳ ವೈದ್ಯಶಾಸ್ತ್ರವೇ ಬೇಕೆಂಬುದು ಅವಳ ಹಟ. ಆಗ ಅವಳ ಮಗಳಿಗೆ ಎರಡು ವರ್ಷ. ಅಳಿಯಂದಿರು ಬೆಂಗಳೂರಿನ ಬ್ಯಾಂಕೊಂದರಲ್ಲಿ ನೌಕರರು. ಯಾವ ಕಾಲೇಜು ಮೊದಲು, ಯಾವುದು ನಂತರ ಎಂದು ಆದ್ಯತೆಯ ಪಟ್ಟಿ ತುಂಬುವ ದಿನ ಬಂದಿತು. ಸಂವಿಧಾನದ 371 ಜೆ ವಿಧಿಯ ಅನ್ವಯ 2013ರಲ್ಲಿ ಹೊರಟ ಆದೇಶದಂತೆ, ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು, ರಾಜ್ಯದ ಉಳಿದ ಕಡೆ ಶೇಕಡಾ 8ರಷ್ಟು ಸ್ಥಾನಗಳು ಇಲ್ಲಿಯ ಅಭ್ಯರ್ಥಿಗಳಿಗೆ ಮೀಸಲು. ಆದುದರಿಂದ ಅವಳಿಗೆ ಎರಡು ಬಾಗಿಲುಗಳು ತೆರೆದಿದ್ದವು: ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳತ್ತ ಒಂದು, ಕಲಬುರಗಿಯತ್ತ ಇನ್ನೊಂದು.

ನಾವು ಕಮಲಾಪುರದ ಮನೆಯ ಪಡಸಾಲೆಯಲ್ಲಿ ಕುಳಿತು ಲೆಕ್ಕ ಹಾಕಿದೆವು. ರಾಜ್ಯ ಸರ್ಕಾರದ ಕಾಲೇಜುಗಳಲ್ಲಿ ಮೊದಲ ವರ್ಷದ ಸ್ನಾತಕೋತ್ತರ ವೈದ್ಯರಿಗೆ ತಿಂಗಳಿಗೆ 45,000 ರೂಪಾಯಿ ಇದ್ದ ಶಿಷ್ಯವೇತನವನ್ನು 2024ರಲ್ಲಿ ಶೇಕಡಾ 25ರಷ್ಟು ಹೆಚ್ಚಿಸಿ 56,250 ರೂಪಾಯಿ ಮಾಡಲಾಗಿತ್ತು. ಈ ಮೊತ್ತ ಬೆಂಗಳೂರಿನಲ್ಲಿಯೂ ಅಷ್ಟೇ, ಕಲಬುರಗಿಯಲ್ಲಿಯೂ ಅಷ್ಟೇ. ಆದರೆ ಅದರ ತೂಕ ಎರಡೂ ಕಡೆ ಒಂದೇ ಅಲ್ಲ. ಬೆಂಗಳೂರಿನಲ್ಲಿ ಆಸ್ಪತ್ರೆಯ ಸಮೀಪ ಮನೆ ಹಿಡಿಯಬೇಕಾದರೆ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡಬೇಕು. ಮಗುವನ್ನು ನೋಡಿಕೊಳ್ಳುವ ಹೆಂಗಸಿಗೆ ಸಂಬಳ ಕೊಡಬೇಕು. ಮನೆ ದೂರವಾದರೆ ದಿನದ ಎರಡು ಮೂರು ತಾಸು ದಾರಿಗೇ ಹೋಗುತ್ತವೆ. ಅಳಿಯಂದಿರ ನೌಕರಿ ಅಲ್ಲಿಯೇ ಇದ್ದುದು ಬೆಂಗಳೂರಿನ ಪರವಾದ ಬಲವಾದ ಮಾತಾಗಿತ್ತು. ಅವರೇ ಅದನ್ನು ಬದಿಗಿಟ್ಟು, "ವರ್ಗಾವಣೆಗೆ ಅರ್ಜಿ ಕೊಡುತ್ತೇನೆ" ಎಂದರು.

ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದ ನನ್ನ ಮನೆಯಾಕೆ ಆಗ ಒಂದು ಮಾತು ಹೇಳಿದಳು: "ರೊಕ್ಕದ ಲೆಕ್ಕ ಆಮ್ಯಾಲ ಮಾಡ್ರಿ. ಕೂಸಿನ ಲೆಕ್ಕ ಮೊದಲ ಮಾಡ್ರಿ. ಇಕಿ ರಾತ್ರಿ ದವಾಖಾನ್ಯಾಗ ಇದ್ದಾಗ ಕೂಸು ಯಾರ ಮಗ್ಗಲಾಗ ಮಲಗತದ?" ಸಭೆಯ ದಿಕ್ಕೇ ಬದಲಾಯಿತು. ರೆಸಿಡೆಂಟ್ ವೈದ್ಯರ ಪಾಳಿ ಕಚೇರಿಯ ವೇಳೆಯಂತಲ್ಲ. ಬೆಳಿಗ್ಗೆ ಹೋದವರು ಮರುದಿನ ಮಧ್ಯಾಹ್ನ ಬರುವುದುಂಟು. ಮೇಲಾಗಿ, 2020ರ ನಂತರ ಬಂದ ನಿಯಮದಂತೆ ಓದಿನ ನಡುವೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಸೇವೆ ಸಲ್ಲಿಸಲೇಬೇಕು. ಅದು ಯಾವ ಊರಿನ ಆಸ್ಪತ್ರೆಯೆಂಬುದು ನಮ್ಮ ಕೈಯಲ್ಲಿಲ್ಲ. ಇಂತಹ ಓದಿಗೆ ಹೋಗುವವಳಿಗೆ ಅಗ್ಗದ ಬಾಡಿಗೆಗಿಂತ ರಾತ್ರಿ ಬಾಗಿಲು ತೆರೆಯುವ ಸ್ವಂತದವರು ಹೆಚ್ಚು ಅವಶ್ಯ. ಪಟ್ಟಿಯ ಮೊದಲ ಸಾಲಿನಲ್ಲಿ ಕಲಬುರಗಿಯನ್ನು ಬರೆದೆವು. ಸೇಡಂ ರಸ್ತೆಯ ಸರ್ಕಾರಿ ಕಾಲೇಜಿನಲ್ಲಿ ಅವಳಿಗೆ ಸ್ಥಾನ ದೊರೆಯಿತು.

ಆಗ ಎರಡನೆಯ ಪ್ರಶ್ನೆ ಎದುರಾಯಿತು. ಸಂಸಾರ ಕಲಬುರಗಿಯಲ್ಲಿ ಹೂಡಬೇಕೋ, ಕಮಲಾಪುರದಲ್ಲಿಯೇ ಇರಬೇಕೋ? ಬಂಧುಗಳೆಲ್ಲ ಕಮಲಾಪುರವೆಂದರು. ಅದಕ್ಕೆ ಕಾರಣಗಳೂ ಇದ್ದವು. ಸ್ವಂತ ಮನೆ, ಬಾಡಿಗೆಯಿಲ್ಲ. ಕೆಂಪು ಬಾಳೆಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. 2018ರಲ್ಲಿ ತಾಲೂಕು ಕೇಂದ್ರವಾದ ಮೇಲೆ ಕಚೇರಿಗಳೂ ಬಂದಿವೆ. ಅಳಿಯಂದಿರಿಗೆ ಹುಮನಾಬಾದಿನ ಶಾಖೆಗೆ ವರ್ಗವಾದುದರಿಂದ ಗಂಡನ ಕೆಲಸಕ್ಕೂ ಹೆಂಡತಿಯ ಓದಿಗೂ ಕಮಲಾಪುರ ನಡುವಿನ ಊರಾಗಿತ್ತು. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದ ಮೇಲೆ ನಮ್ಮೂರಿಗೆ ರೈಲು ನಿಲ್ದಾಣವೂ ಇದೆ.

ಆದರೆ ನಕಾಶೆಯ ದೂರ ಬೇರೆ, ಪಾಳಿ ಮುಗಿಸಿದವರ ದೂರ ಬೇರೆ. ಕಮಲಾಪುರದಿಂದ ಕಲಬುರಗಿಗೆ 38 ಕಿಲೋಮೀಟರು. ಹುಮನಾಬಾದ ರಸ್ತೆಯಿಂದ ನಗರಕ್ಕೆ ಬಂದ ಬಸ್ಸು ಕೇಂದ್ರ ನಿಲ್ದಾಣದಲ್ಲಿ ಇಳಿಸುತ್ತದೆ; ಅಲ್ಲಿಂದ ನಗರದ ಇನ್ನೊಂದು ಬದಿಯ ಸೇಡಂ ರಸ್ತೆಗೆ ಮತ್ತೆ ಆಟೋ. ರೈಲುಗಳು ಬೆರಳೆಣಿಕೆಯಷ್ಟು, ಅವುಗಳ ವೇಳೆ ಆಸ್ಪತ್ರೆಯ ವೇಳೆಯೊಡನೆ ಕೂಡದು. ಮೂವತ್ತು ತಾಸು ನಿದ್ರೆಗೆಟ್ಟ ಜೀವ ಇಷ್ಟು ದಾರಿ ಸವೆಸಿ ಮನೆಗೆ ಬಂದು ಮಗುವಿನ ಮುಖ ನೋಡುವ ಹೊತ್ತಿಗೆ ಮರಳಿ ಹೊರಡುವ ವೇಳೆ ಬಂದಿರುತ್ತದೆ. ಬಾಡಿಗೆ ಉಳಿದೀತು, ತಾಯಿ ಉಳಿಯಳು. ಆದುದರಿಂದ ಆಸ್ಪತ್ರೆಗೆ ನಡೆದು ಹೋಗುವಷ್ಟು ಸಮೀಪದಲ್ಲಿ ಮನೆ ಹಿಡಿಯುವುದೆಂದೂ, ದೂರದ ಪ್ರಯಾಣವನ್ನು ವೇಳೆಗೆ ಸರಿಯಾಗಿ ಕೆಲಸ ಮುಗಿಯುವ ಅಳಿಯಂದಿರು ವಹಿಸಿಕೊಳ್ಳುವುದೆಂದೂ ತೀರ್ಮಾನಿಸಿದೆವು. ಸ್ನಾತಕೋತ್ತರ ವಿದ್ಯಾರ್ಥಿಗಳು ವಸತಿನಿಲಯದಲ್ಲಿಯೇ ಇರಬೇಕೆಂಬ ಕಡ್ಡಾಯ 2023ರ ನಿಯಮಾವಳಿಯಲ್ಲಿ ಇಲ್ಲದಿರುವುದು ಅನುಕೂಲವಾಯಿತು.

ಮನೆ ಹುಡುಕುವಾಗ ನಾವು ಕೇಳಿದ ಪ್ರಶ್ನೆಗಳನ್ನು ಮುಂದೆ ಬರುವವರಿಗಾಗಿ ಬರೆಯುತ್ತೇನೆ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬೋರ್‌ವೆಲ್ಲಿನ ನೀರು ಬೇಸಿಗೆಗೆ ಉಳಿಯುತ್ತದೆಯೇ? ಮನೆ ಮೇಲುಮಹಡಿಯದೋ, ಕೆಳಗಿನದೋ? ಮೇಲುಮಹಡಿಗೆ ಬಾಡಿಗೆ ಕಡಿಮೆ. ಆದರೆ ಉಷ್ಣತೆ 42, 43 ಡಿಗ್ರಿಗೆ ಏರುವ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಯ್ದ ಛತ್ತಿನ ಕೆಳಗೆ, ರಾತ್ರಿ ಪಾಳಿ ಮಾಡಿದವರು ಹಗಲು ನಿದ್ರಿಸುವುದು ಅಸಾಧ್ಯ. ಬಾಜೂ ಮನೆಯಲ್ಲಿ ಹಗಲು ಹೊತ್ತು ಯಾರಿರುತ್ತಾರೆ? ಈ ಕೊನೆಯ ಪ್ರಶ್ನೆಯನ್ನು ಕೇಳಿದವಳು ನನ್ನ ಮನೆಯಾಕೆ. ಕಡೆಗೆ ಶಹಾಬಾದ ಕಲ್ಲಿನ ನೆಲದ, ಎರಡು ಕೋಣೆಗಳ, ಮುಂದೆ ಬೇವಿನ ಗಿಡವಿರುವ ಕೆಳಮನೆಯೊಂದು 10,000 ರೂಪಾಯಿ ಬಾಡಿಗೆಗೆ ದೊರೆಯಿತು.

ಸೋಮವಾರದಿಂದ ಶನಿವಾರದವರೆಗೆ ಮನೆಯಾಕೆ ಕಲಬುರಗಿಯಲ್ಲಿ, ನಾನು ಕಮಲಾಪುರದಲ್ಲಿ. ಹೀಗೆ ನಮ್ಮ ದಿನಚರಿ ಬದಲಾಯಿತು. 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಅವಳಿಗೆ ಬಸ್ಸಿನ ಖರ್ಚಿಲ್ಲ. ನನಗೆ ಮಾತ್ರ ಟಿಕೇಟು. ಕಲಬುರಗಿ ಉದಾರವಾದ ಊರೆಂಬುದನ್ನು ಒಪ್ಪಲೇಬೇಕು. ಬಿಸಿ ಜೋಳದ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಓಣಿ ಓಣಿಗೂ ಇದ್ದಾರೆ; ಅಡಿಗೆಯ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ. ತೊಗರಿಯ ನಾಡಾದುದರಿಂದ ಬೇಳೆಯ ರುಚಿಗೆ ಕೊರತೆಯಿಲ್ಲ. ಸಂಜೆ ಮಗುವನ್ನು ಅಪ್ಪನ ಕೆರೆಯ ದಂಡೆಗೆ ಕರೆದೊಯ್ಯಬಹುದು. 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ತೆರೆದ ಮೇಲೆ ನನ್ನಂತಹ ವಯಸ್ಸಾದವರ ಚಿಂತೆಯೂ ಕಡಿಮೆಯಾಗಿದೆ. ಸಂಸಾರಕ್ಕೆ ಒಗ್ಗುವ ಊರೆಂದರೆ ಮಗುವಿಗೂ ಮುದುಕರಿಗೂ ಒಗ್ಗುವ ಊರಲ್ಲವೇ?

ಇಷ್ಟಾದರೂ ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಖರ್ಚು ಕಾಣುತ್ತಿರಲಿಲ್ಲ. ಅದನ್ನು ಬರೆದವಳು ಮಗಳು. ಮೊದಲ ಶಿಷ್ಯವೇತನ ಬಂದ ದಿನ ಅವಳು ತಾಯಿಯ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಖಾತೆ ತೆರೆದು, ತಿಂಗಳಿಗೆ 5,000 ರೂಪಾಯಿ ಜಮೆ ಮಾಡುವುದಾಗಿ ಹೇಳಿದಳು. "ನನ್ನ ಮೊಮ್ಮಗಳನ್ನ ನೋಡಲಿಕ್ಕೆ ನನಗ ರೊಕ್ಕ ಏನವಾ?" ಎಂದು ತಾಯಿ ಸಿಟ್ಟಾದಳು. "ಇದು ಪಗಾರ ಅಲ್ಲ, ಅವ್ವಾ. ನೀ ಇರಲಿಲ್ಲಂದ್ರ ನನಗ ಈ ಊರು ಅಗ್ಗ ಆಗ್ತಿರಲಿಲ್ಲ. ಅಷ್ಟು ನನಗ ನೆನಪಿರಲಿ ಅಂತ" ಎಂದು ಮಗಳು ಉತ್ತರಿಸಿದಳು. ತಾಯಿ ಪಾಸ್‌ಬುಕ್ಕನ್ನು ತೆಗೆದು ಟ್ರಂಕಿನಲ್ಲಿಟ್ಟಳು. ಮುಂದೆ ಆ ವಿಷಯವಾಗಿ ಮಾತಾಡಲಿಲ್ಲ.

ಆ ಮಾತಿನ ಸತ್ಯ ಮಳೆಗಾಲದಲ್ಲಿ ತಿಳಿಯಿತು. ಮನೆಯಾಕೆಗೆ ಮೊಣಕಾಲು ಬಾತು ಮೂರು ವಾರ ಏಳಲಾಗಲಿಲ್ಲ. ಅದೇ ವೇಳೆಗೆ ವಿಷಮಜ್ವರ, ಡೆಂಗಿಗಳಿಂದ ಮಕ್ಕಳ ವಾರ್ಡು ತುಂಬಿ ಮಗಳ ಪಾಳಿ ಹೆಚ್ಚಾಯಿತು. ಅಳಿಯಂದಿರು ಇದ್ದಷ್ಟೂ ರಜೆ ಹಾಕಿದರು. ನಾನು ಹೋಗಿ ಅಡಿಗೆಗೆ ನಿಂತೆ. ಸಾಲದಾಯಿತು. ಒಂದು ರಾತ್ರಿ ಮಗಳು ಓದು ಬಿಡುವ ಮಾತಾಡಿದಳು. ಸೇರಿದ ಸ್ಥಾನ ನಡುವೆ ಬಿಟ್ಟರೆ ದಂಡ ಕಟ್ಟಬೇಕು. ಅದಕ್ಕಿಂತ ಮಿಗಿಲಾಗಿ ಅಷ್ಟು ವರ್ಷಗಳ ತಪಸ್ಸು ವ್ಯರ್ಥವಾಗುವುದು. ಅವಳನ್ನು ತಡೆದು ನಿಲ್ಲಿಸಿದವರು ಬಾಜೂ ಮನೆಯ ತಾಯಿ. ಪರಿಚಯವಾಗಿ ಎಂಟು ತಿಂಗಳಾಗಿತ್ತಷ್ಟೆ. ಆಕೆ ಬಂದು ಮಗುವನ್ನು ಎತ್ತಿಕೊಂಡು, "ಮೂರು ವಾರ ನನ್ನ ಮೊಮ್ಮಕ್ಕಳ ಜೋಡಿ ಇರಲಿ ಬಿಡ್ರಿ" ಎಂದು ಕರೆದೊಯ್ದರು. ಮಗಳ ಓದು ಉಳಿಯಿತು. ಅವಳು ಈಗ ಎರಡನೆಯ ವರ್ಷದಲ್ಲಿದ್ದಾಳೆ.

ಆದರೆ ಎಲ್ಲರಿಗೂ ಅಂತಹ ನೆರೆ ಸಿಕ್ಕೀತೆಂದು ಹೇಗೆ ಹೇಳುವುದು? ಬಳ್ಳಾರಿಯಿಂದಲೋ ಮಂಗಳೂರಿನಿಂದಲೋ ಬರುವ ವೈದ್ಯೆಗೆ 38 ಕಿಲೋಮೀಟರಿನಲ್ಲಿ ತವರಿಲ್ಲ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯು 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನೆಯ ವ್ಯವಸ್ಥೆ ಇರಬೇಕೆಂದು ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ. ಕೂಲಿ ಮಾಡುವ ತಾಯಂದಿರ ಎಳೆಯ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಕೂಸಿನ ಮನೆಗಳು ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿವೆ. ಇವೆಲ್ಲವೂ ಬಹುಮಟ್ಟಿಗೆ ಹಗಲಿನ ವ್ಯವಸ್ಥೆಗಳು. ಆಸ್ಪತ್ರೆಯ ವೈದ್ಯೆಯರಿಗೂ ದಾದಿಯರಿಗೂ ಬೇಕಾದುದು ರಾತ್ರಿಯೂ ದೀಪ ಉರಿಯುವ ಕೂಸಿನ ಮನೆ.

ಒಂದು ಕಾಲದಲ್ಲಿ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಅನ್ನ ಹುಟ್ಟದು ಎಂಬ ಕಷ್ಟವನ್ನು ಮಠಗಳೂ ದಾನಿಗಳೂ ತಮ್ಮದೆಂದು ಬಗೆದುದರಿಂದ ಪ್ರಸಾದ ನಿಲಯಗಳು ಎದ್ದವು. ನನ್ನಂತಹ ಎಷ್ಟೋ ಜನ ಅಕ್ಷರ ಕಂಡರು. ಇಂದಿನ ಕಷ್ಟದ ರೂಪ ಬೇರೆ, ಅದನ್ನು ಬಗೆಹರಿಸುವ ದಾಸೋಹಬುದ್ಧಿ ಅದೇ. ಸೇಡಂ ರಸ್ತೆಯ ಆಸ್ಪತ್ರೆಗಳ ಸಮೀಪ ಅಂತಹ ಒಂದು ಮನೆಯನ್ನು ತೆರೆದು, ನಂಬಿಕಸ್ಥ ಹೆಣ್ಣುಮಕ್ಕಳನ್ನು ಯೋಗ್ಯ ಸಂಬಳಕ್ಕೆ ನೇಮಿಸಿ, ನ್ಯಾಯವಾದ ಶುಲ್ಕ ಪಡೆದು ನಡೆಸುವುದು ನಮ್ಮ ಹಳೆಯ ವಿದ್ಯಾರ್ಥಿಗಳ ಶಕ್ತಿಗೆ ಮೀರಿದುದಲ್ಲವೆಂದು ಭಾವಿಸುತ್ತೇನೆ. ಆರಂಭಕ್ಕೆ ಒಂದು ಮನೆ, ಹತ್ತು ಮಕ್ಕಳು ಸಾಕು. ನನ್ನ ನಿವೃತ್ತಿವೇತನದಿಂದ ಒಂದು ಪಾಲನ್ನು ನಾನು ಕೊಡಲು ಸಿದ್ಧನಿದ್ದೇನೆ. ಈ ವಿಷಯದಲ್ಲಿ ಆಸಕ್ತಿಯುಳ್ಳವರು ಶಾಲೆಯ ಮುಖ್ಯಾಧ್ಯಾಪಕರ ಮೂಲಕ ನನಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.