ಹಾಡಿದವರ ಕಿವಿಗೆ

1978ರಲ್ಲಿ ಅಮೆರಿಕದ ಮಿಸಿಸಿಪಿಯ ಕ್ಯಾಂಟನ್ ಊರಿನ ಹತ್ತಿರ ಚಿತ್ರಿಸಿದ ತುಣುಕೊಂದಿದೆ. ಬೆಲ್ಟನ್ ಸದರ್‌ಲೆಂಡ್ ಎಂಬ ಹಿರಿಯರು ಹ್ಯಾಟು ಧರಿಸಿ, ಸಿಗರೇಟು ಕಚ್ಚಿಕೊಂಡು, ಗಿಟಾರ್ ಮೀಟುತ್ತಾ ಬ್ಲೂಸ್ ಹಾಡುತ್ತಾರೆ. ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ನಡುವೆ ವಿವರಣೆ ಕೊಡುವ ದನಿಯಿಲ್ಲ, ಅವಸರವಿಲ್ಲ. ಕ್ಯಾಮೆರಾ ಹಿಡಿದವರು ಜಾನ್ ಬಿಷಪ್, ಜೊತೆಗಿದ್ದವರು ವರ್ತ್ ಲಾಂಗ್. ಹಾಗೆ ಎದುರು ಕೂತು ಕೇಳುವ ರೀತಿ ಮಾತ್ರ ಜನಪದ ಹಾಡುಗಳ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ನಾಲ್ಕು ದಶಕ ಅಲೆದು ಕಲಿತದ್ದು.

ಅಲೆದಾಟ ಶುರುವಾದದ್ದು 1933ರಲ್ಲಿ. ಹದಿನೆಂಟರ ಹುಡುಗ ಆಲನ್, ತಂದೆ ಜಾನ್ ಲೋಮ್ಯಾಕ್ಸ್, ಕಾರಿನ ಹಿಂಭಾಗದಲ್ಲಿ 140 ಕಿಲೋಗೂ ಮೀರಿದ ಧ್ವನಿಮುದ್ರಣ ಯಂತ್ರ. ಲೂಯಿಸಿಯಾನಾದ ಅಂಗೋಲಾ ಸೆರೆಮನೆಯಲ್ಲಿ ಹನ್ನೆರಡು ತಂತಿಯ ಗಿಟಾರಿನ ಗಾಯಕ ಲೆಡ್ ಬೆಲ್ಲಿ ಸಿಕ್ಕಿದ್ದು ಆ ವರ್ಷವೇ. ಮುಂದೆ ಸ್ಪೇನ್, ಇಟಲಿ, ಸ್ಕಾಟ್ಲೆಂಡ್ ಎಂದು ದಾರಿ ಬೆಳೆಯುತ್ತಲೇ ಹೋಯಿತು.

ಇಷ್ಟು ಸಂಗ್ರಹಿಸಿದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆಲನ್ ಅವರ ಒಂದು ರೂಢಿ: ಹಾಡಿದವರಿಗೆ ಅಲ್ಲೇ, ಆಗಲೇ, ಅವರ ಹಾಡನ್ನು ತಿರುಗಿ ಕೇಳಿಸುವುದು. 1941ರಲ್ಲಿ ಮಿಸಿಸಿಪಿಯ ಸ್ಟೋವಾಲ್ ತೋಟದ ಕೂಲಿಯೊಬ್ಬರು ಹೀಗೆ ಮೊದಲ ಸಲ ತಮ್ಮ ದನಿಯನ್ನು ಹೊರಗಿನಿಂದ ಕೇಳಿದರು. ಆಮೇಲೆ ಲೋಮ್ಯಾಕ್ಸ್ ಆ ಹಾಡಿನ ತಟ್ಟೆಯ ಎರಡು ಪ್ರತಿಗಳನ್ನೂ 20 ಡಾಲರನ್ನೂ ಕಳಿಸಿದರು. ಆತ ಅದನ್ನು ಬೀದಿಮೂಲೆಯ ಜೂಕ್‌ಬಾಕ್ಸಿಗೆ ಹಾಕಿ ಮತ್ತೆ ಮತ್ತೆ ಕೇಳಿದರಂತೆ. 1943ರಲ್ಲಿ ಶಿಕಾಗೋ ರೈಲು ಹತ್ತಿದರು. ಅವರೇ ಬ್ಲೂಸ್ ದಿಗ್ಗಜ ಮಡ್ಡಿ ವಾಟರ್ಸ್. ದನಿಯೊಂದು ಒಡೆಯನನ್ನು ಸೇರಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. 1941ರ ಆ ಯಾತ್ರೆಯಲ್ಲಿ ಸಮಾನ ಪಾಲಿದ್ದ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ವಿದ್ವಾಂಸ ಜಾನ್ ವರ್ಕ್ ಅವರ ಹೆಸರನ್ನು ಲೋಮ್ಯಾಕ್ಸ್ ಮುಂದೆ ತಕ್ಕಷ್ಟು ಹೇಳಲಿಲ್ಲ. ಲೋಮ್ಯಾಕ್ಸ್ ಅವರನ್ನು ಮೆಚ್ಚುವ ನನಗೆ ಇದು ನೋವಿನ ಸಂಗತಿ.

1959ರಲ್ಲಿ ಮಿಸಿಸಿಪಿಯ ಪಾರ್ಚ್‌ಮನ್ ಸೆರೆಯಲ್ಲಿ ಕೈದಿಗಳು ಮರ ಕಡಿಯುತ್ತಾ ಹಾಡಿದ, ಲೋಮ್ಯಾಕ್ಸ್ ಮುದ್ರಿಸಿಕೊಂಡ ‘ಪೋ ಲಾಜರಸ್’ ಕೇಳಿ. ಕೊಡಲಿ ಏಟೇ ತಾಳ. ಏಟಿಗೂ ಏಟಿಗೂ ನಡುವಿನ ಬಿಡುವಿನಲ್ಲಿ ಮೈಯ ದಣಿವೆಲ್ಲ ಕೇಳಿಸುತ್ತದೆ; ಮೇಳಕ್ಕೆ ಮುಂದಾಳು ಜೇಮ್ಸ್ ಕಾರ್ಟರ್. 2000ದಲ್ಲಿ ಆ ಹಾಡು ‘ಓ ಬ್ರದರ್, ವೇರ್ ಆರ್ಟ್ ದೌ?’ ಸಿನಿಮಾ ಸೇರಿ, ಅದರ ಹಾಡುಗಳ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು. ಲೋಮ್ಯಾಕ್ಸ್ ಮಗಳು ಆ್ಯನಾ ಮತ್ತು ಸಂಗಡಿಗರು ಕಾರ್ಟರ್ ಅವರನ್ನು ಶಿಕಾಗೋದಲ್ಲಿ ಪತ್ತೆ ಮಾಡಿದರು. ಅಂಥ ಹಾಡೊಂದನ್ನು ಹಾಡಿದ್ದು ಅವರಿಗೆ ನೆನಪೇ ಇರಲಿಲ್ಲ. 2002ರಲ್ಲಿ ರಾಯಧನವಾಗಿ 20,000 ಡಾಲರಿನ ಚೆಕ್ಕು ಅವರ ಕೈಸೇರಿತು.

ಅದೇ ವರ್ಷ ಲೋಮ್ಯಾಕ್ಸ್ ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆ ಮುದ್ರಣಗಳ ಪ್ರತಿಗಳನ್ನು ಹಾಡಿದವರ ಊರುಗಳಿಗೇ ಮರಳಿಸುತ್ತಿದೆ. 1959ರಲ್ಲಿ ಬ್ಲೂಸ್ ಗಾಯಕ ಫ್ರೆಡ್ ಮ್ಯಾಕ್‌ಡವೆಲ್ ಹಾಡಿದ, ಮಿಸಿಸಿಪಿಯ ಕೋಮೊ ಎಂಬ ಪುಟ್ಟ ಊರಿನ ಗ್ರಂಥಾಲಯಕ್ಕೂ ಅವು ಬಂದಿವೆ.