ಕಲ್ಲು ಕೇಳುವ ಋಣ

ಜುಲೈ 26ರಂದು ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ. ಇಂತಹ ದಿನಗಳಲ್ಲಿ ಮಡಿದ ಯೋಧರ ಭಾವಚಿತ್ರಕ್ಕೆ ಹಾರ ಹಾಕಿ ಕ್ಷಣಕಾಲ ಮೌನವಾಗಿ ನಿಲ್ಲುವುದು ರೂಢಿ. 2019ರಲ್ಲಿ ಲೋಕಾರ್ಪಣೆಗೊಂಡ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಯಲಾಗಿದೆ. ಮಡಿದವನ ಹೆಸರನ್ನು ಕಲ್ಲಿಗೆ ಒಪ್ಪಿಸುವ ಈ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ವೀರಗಲ್ಲುಗಳೇ ಅದಕ್ಕೆ ಸಾಕ್ಷಿ.

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತನು 1196ರಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನ ಜೈನಕವಿ ಜನ್ನನ ರಚನೆ. ದಂಡನಾಯಕನ ಹೆಸರುಳಿಯಲು ದೇಗುಲವೂ ಮಹಾಕವಿಯೂ ಒದಗಿದರು. ಸಾಮಾನ್ಯ ಆಳಿನ ಹೆಸರುಳಿಯಲು ಒದಗಿದ್ದು ಒಂದು ಕಲ್ಲು ಮಾತ್ರ. ಅದರ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ದೇವಸಾನ್ನಿಧ್ಯ. ಆ ಕಾಳಗ ಅನೇಕ ಬಾರಿ ಊರಿನ ದನಗಳನ್ನು ಬಿಡಿಸಿ ತರುವ ತುರುಗೊಳ್ ಕಾಳಗವೇ ಆಗಿರುತ್ತಿತ್ತು. ಅಮೃತಮಹಲ್ ತಳಿಯ ಸಂವರ್ಧನೆಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ, ದನಕ್ಕಾಗಿ ಪ್ರಾಣ ಕೊಡುವುದು ಎಂಬ ಮಾತಿಗೆ ವಿವರಣೆ ಬೇಕಿಲ್ಲ.

ಕಲ್ಲು ನಿಲ್ಲಿಸಿದಲ್ಲಿಗೆ ಊರಿನ ಹೊಣೆ ತೀರುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಶಾಸನಗಳು ಅದನ್ನು ಕಲ್ನಾಡು ಎಂದೂ ನೆತ್ತರುಗೊಡಗೆ ಎಂದೂ ಕರೆಯುತ್ತವೆ. ಮದ್ದೂರು ಸೀಮೆಯ ಆತಕೂರಿನ ಪ್ರಸಿದ್ಧ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೆ ಅಲ್ಲಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟಿದ್ದಾರೆ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ವಿಧಿಸಿದ್ದಾರೆ. ಸ್ಮರಣೆ ಅಲ್ಲಿ ವಾರ್ಷಿಕ ಆಚರಣೆಯಲ್ಲ, ಪ್ರತಿದಿನದ ಊಟಕ್ಕೆ ಮೊದಲು ಸಲ್ಲಿಸಬೇಕಾದ ಋಣ.

ಅದೇ ಆತಕೂರು ಶಾಸನವು ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದುದನ್ನೂ ಹೇಳುತ್ತದೆ. ಆ ಬೂತುಗನ ಅಕ್ಕ ಪಾಂಬಬ್ಬೆಯ ನಿಸಿಧಿ ಶಾಸನ ದೊರೆತಿರುವುದು ಕಡೂರಿನಲ್ಲಿ. ಅದರ ಕಾಲ 971. ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸನ್ನಾಚರಿಸಿ ಆಕೆ ಮುಡಿಪಿದಳೆಂದು ಅದು ತಿಳಿಸುತ್ತದೆ. ತಕ್ಕೋಲದ ಯುದ್ಧ ನಡೆದದ್ದು 949ರಲ್ಲಿ. ಹಾಗಾದರೆ ತಮ್ಮ ರಣದಲ್ಲಿದ್ದಾಗ ಅಕ್ಕ ಆಗಲೇ ತಪಸ್ಸಿನಲ್ಲಿದ್ದಳು. ಒಬ್ಬನು ಹಗೆಯನ್ನು ಗೆದ್ದನು, ಒಬ್ಬಳು ದೇಹದ ಮಮತೆಯನ್ನು ಗೆದ್ದಳು. ಕೊಲ್ಲದಿರುವುದನ್ನೇ ವ್ರತವಾಗಿ ಹಿಡಿದವಳಿಗೂ ಕಾದಿ ಮೆರೆದವನಿಗೂ ಈ ನಾಡು ಅಕ್ಷರಗಳನ್ನು ಮೀಸಲಿಟ್ಟಿತು. ಶೌರ್ಯವನ್ನು ಅದು ಕತ್ತಿಯೊಂದರಿಂದಲೇ ಅಳೆಯಲಿಲ್ಲ.

ಇಂದು ಎಷ್ಟೋ ವೀರಗಲ್ಲುಗಳು ಕೆರೆಯ ಏರಿಯಲ್ಲಿ, ಬೇಲಿಯ ಬುಡದಲ್ಲಿ ಅರ್ಧ ಹೂತು ನಿಂತಿವೆ. ಅವುಗಳ ಅಕ್ಷರ ಸವೆದಂತೆ ಊರಿನ ಋಣಪತ್ರವೂ ಸವೆಯುತ್ತದೆ. ಹುತಾತ್ಮರ ದಿನದಂದು ಹಾರ ಹಾಕುವ ಕೈಗಳು ಆ ಮಣ್ಣನ್ನೊಮ್ಮೆ ಸರಿಸಲಿ. ಮಡಿದವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಮರುದಿನವೂ ವಿಚಾರಿಸಲಿ. ನೆತ್ತರುಗೊಡಗೆ ಎಂಬ ಪದದ ಅರ್ಥ ನಿಘಂಟಿನಿಂದ ಹೊರಬರುವುದು ಆಗಲೇ.