ಕಾಯದೆ ಕಾಯುವ ಬಗೆ

ಗಣಕಯಂತ್ರವೆಂದೊಡನೆ ಜನರಿಗೆ ನೆನಪಾಗುವುದು ಅದರ ವೇಗ. ಅದು ತನ್ನ ಕಾಲದ ಬಹುಭಾಗವನ್ನು ಕಾಯುವುದರಲ್ಲಿ ಕಳೆಯುತ್ತದೆಂಬ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಬೆಂಗಳೂರಿನಿಂದ ಹೊರಟ ಸಂದೇಶವೊಂದು ಅಮೆರಿಕೆಯನ್ನು ಮುಟ್ಟಿ ಉತ್ತರದೊಡನೆ ಹಿಂತಿರುಗಲು ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ. ಮನುಷ್ಯನ ಲೆಕ್ಕದಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು; ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಯಂತ್ರಕ್ಕೆ ಅದು 60 ಕೋಟಿ ಮಿಡಿತಗಳ ಬಿಡುವು. ಈ ಬಿಡುವನ್ನು ಏನು ಮಾಡತಕ್ಕದ್ದೆಂಬ ವಿಚಾರದಿಂದ ಸಣ್ಣದೊಂದು ಶಾಸ್ತ್ರವೇ ಬೆಳೆದಿದೆ. ಆ ವೃತ್ತಿಯವರು ಅದನ್ನು ಈವೆಂಟ್ ಲೂಪ್ ಎನ್ನುವರು. ಘಟನಾಚಕ್ರವೆಂದರೆ ಅರ್ಥಕ್ಕೆ ಊನವಾಗದು.

ಇದರ ತಿರುಳನ್ನು ಸಿ ಭಾಷೆಯಲ್ಲಿ ನೋಡುವುದೇ ಲೇಸು. 1970ರ ದಶಕದ ಆದಿಯಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದ ಈ ಭಾಷೆ ಯಾವುದನ್ನೂ ಮರೆಮಾಚುವುದಿಲ್ಲ, ಯಾವುದನ್ನೂ ತಾನಾಗಿ ಮಾಡಿಕೊಡುವುದೂ ಇಲ್ಲ. ದೂರದ ಯಂತ್ರದೊಡನೆ ಮಾತನಾಡುವ ಬಾಗಿಲಿಗೆ ಇಲ್ಲಿ ಸಾಕೆಟ್ ಎಂದು ಹೆಸರು. ಒಂದೊಂದು ಬಾಗಿಲಿಗೂ ಒಂದೊಂದು ಸಂಖ್ಯೆ. ಏಳನೆಯ ಬಾಗಿಲಿನಿಂದ ಓದಬೇಕಾದರೆ ‘ರೀಡ್’ ಎಂಬ ಕರೆಯನ್ನು ಕೊಡಬೇಕು. ಮಾತು ಬಂದಿದ್ದರೆ ಒಡನೆಯೇ ಕೈಸೇರುವುದು. ಬಂದಿರದಿದ್ದರೆ, ಯಂತ್ರದ ಆಡಳಿತವನ್ನೆಲ್ಲ ನಡೆಸುವ ಕರ್ನೆಲ್ಲು ಆ ಪ್ರೋಗ್ರಾಮನ್ನು ಅಲ್ಲಿಯೇ ನಿದ್ರೆಗೆ ಕಳುಹಿಸಿಬಿಡುವುದು. ಅಷ್ಟರಲ್ಲಿ ಎಂಟನೆಯ ಬಾಗಿಲನ್ನು ಯಾರು ಬಡಿದರೂ ಕೇಳುವವರಿಲ್ಲ.

ಬಂದವನೊಬ್ಬನಿಗೆ ಸೇವಕನೊಬ್ಬನನ್ನು ನೇಮಿಸಿದರಾಯಿತೆಂಬುದು ಮೊದಲು ತೋಚಿದ ಪರಿಹಾರ. ಇಂಥ ಸೇವಕನೇ ಥ್ರೆಡ್ಡು. ಹತ್ತು ಮಂದಿ ಬಂದಾಗ ಈ ಏರ್ಪಾಡು ಸೊಗಸಾಗಿಯೇ ನಡೆಯುವುದು. ಆದರೆ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದೊಂದು ಥ್ರೆಡ್ಡಿನ ಹೆಸರಿಗೂ 8 ಮೆಗಾಬೈಟಿನಷ್ಟು ಜಾಗ ಕಾದಿರಿಸಲ್ಪಡುತ್ತದೆ. ಅದೆಲ್ಲವೂ ನಿಜವಾಗಿ ಬಳಕೆಯಾಗುವುದಿಲ್ಲವೆಂಬುದು ದಿಟ. ಆದರೂ ಹತ್ತು ಸಾವಿರ ಮಂದಿ ಬಂದರೆ ಜಾಗದ ಲೆಕ್ಕವೂ, ಸೇವಕರನ್ನು ಒಬ್ಬರಾದಮೇಲೊಬ್ಬರಂತೆ ಎಬ್ಬಿಸಿ ಮಲಗಿಸುವ ಶ್ರಮವೂ ಮಿತಿಮೀರುವುವು. 1999ರಲ್ಲಿ ಡ್ಯಾನ್ ಕೆಗೆಲ್ ಎಂಬವರು ಒಂದೇ ಯಂತ್ರವು ಹತ್ತು ಸಾವಿರ ಮಂದಿಯನ್ನು ಏಕಕಾಲಕ್ಕೆ ಉಪಚರಿಸುವುದು ಹೇಗೆಂಬ ಪ್ರಶ್ನೆಯನ್ನೆತ್ತಿ ಬರೆದರು. ಅಂದಿನಿಂದ ಆ ಸಂಖ್ಯೆಯೇ ಆ ಸಮಸ್ಯೆಯ ಹೆಸರಾಗಿ ಉಳಿಯಿತು.

ಘಟನಾಚಕ್ರದ ದಾರಿ ಬೇರೆ. ಸೇವಕನು ಒಬ್ಬನೇ, ಆದರೆ ಅವನು ಯಾವ ಬಾಗಿಲಿನಲ್ಲಿಯೂ ನಿಲ್ಲುವುದಿಲ್ಲ. ಬಾಗಿಲುಗಳಿಗೆಲ್ಲ ‘ತಡೆಯಕೂಡದು’ ಎಂಬ ಗುರುತನ್ನು ಮೊದಲೇ ಹಚ್ಚಿರುತ್ತದೆ. ಆ ಬಳಿಕ ರೀಡ್ ಎಂದು ಕರೆದಾಗ ಮಾತಿಲ್ಲದಿದ್ದರೆ ನಿದ್ರೆಯಿಲ್ಲ; ‘ಈಎಗೇನ್’ ಎಂಬ ಸಂಕೇತ, ಅರ್ಥಾತ್ ‘ಮತ್ತೊಮ್ಮೆ ಬಾ’ ಎಂಬ ಉತ್ತರ, ತಕ್ಷಣ ಬರುವುದು. ಹಾಗೆಂದು ಹತ್ತು ಸಾವಿರ ಬಾಗಿಲುಗಳನ್ನೂ ಸುತ್ತಿ ಸುತ್ತಿ ವಿಚಾರಿಸುತ್ತಿದ್ದರೆ ಅದು ಬರಿಯ ತಿರುಗಾಟ. ಆದುದರಿಂದ ಯಾವ ಬಾಗಿಲಿನಲ್ಲಿ ಮಾತು ಬಂದಿದೆಯೆಂದು ಕರ್ನೆಲ್ಲನ್ನೇ ಕೇಳತಕ್ಕದ್ದು. 1983ರಲ್ಲಿ ಬರ್ಕ್ಲಿಯ ಯೂನಿಕ್ಸಿನೊಡನೆ ಬಂದ ‘ಸೆಲೆಕ್ಟ್’ ಎಂಬ ಕರೆ ಇದಕ್ಕಾಗಿಯೇ ಇದ್ದಿತು. ಆದರೆ ಪ್ರತಿಸಲವೂ ಇಡೀ ಪಟ್ಟಿಯನ್ನು ಒಪ್ಪಿಸಿ, ಇಡೀ ಪಟ್ಟಿಯನ್ನು ಮರಳಿ ಪರೀಕ್ಷಿಸಬೇಕು. ಮೇಲಾಗಿ ಲಿನಕ್ಸಿನಲ್ಲಿ ಆ ಪಟ್ಟಿಗೆ 1024ರ ಮಿತಿ. 2000ದಲ್ಲಿ ಫ್ರೀಬಿಎಸ್‌ಡಿಯಲ್ಲಿ ‘ಕೆಕ್ಯೂ’ ಬಂದಿತು. 2002ರಲ್ಲಿ ಲಿನಕ್ಸಿನ ಪರೀಕ್ಷಾವಸ್ಥೆಯ ಆವೃತ್ತಿಯಲ್ಲಿ ‘ಈಪೋಲ್’ ಸೇರಿತು. ಹೆಸರುಗಳನ್ನು ಒಮ್ಮೆ ಬರೆಯಿಸಿಬಿಟ್ಟರೆ ಸಾಕು, ಮಾತು ಬಂದ ಬಾಗಿಲುಗಳನ್ನು ಮಾತ್ರ ಇವು ಹೇಳುತ್ತವೆ. ಎಲ್ಲಿಯೂ ಮಾತಿಲ್ಲದಾಗ ಮಾತ್ರವೇ ಸೇವಕನಿಗೆ ನಿದ್ರೆ. ಇಗೋರ್ ಸಿಸೋಯೆವರು 2004ರಲ್ಲಿ ಲೋಕಕ್ಕೆ ನೀಡಿದ ಎಂಜಿನ್‌ಎಕ್ಸ್ ಈ ಅಡಿಪಾಯದ ಮೇಲೆ ನಿಂತಿದೆ. 2009ರ ರೆಡಿಸ್ಸೂ ಹಾಗೆಯೇ.

ಇಷ್ಟು ಕೇಳಿದವನಿಗೆ ಎಲ್ಲವೂ ಸುಲಭವೆಂದೇ ತೋರುವುದು. ಕಷ್ಟವಿರುವುದು ನೆನಪಿನಲ್ಲಿ. ದೂರದಿಂದ ಬರುವ ಮಾತು ವಾಕ್ಯವಾಗಿ ಬರುವುದಿಲ್ಲ. ಅಕ್ಷರಗಳ ಪ್ರವಾಹವಾಗಿ ಬರುತ್ತದೆ. ಪದದ ನಡುವೆಯೇ ತುಂಡಾಗಿರಬಹುದು. ಶಾಬ್ದಿಕರ ಪರಿಭಾಷೆಯಲ್ಲಿ ಹೇಳುವುದಾದರೆ ವಾಕ್ಯವು ಇನ್ನೂ ಸಾಕಾಂಕ್ಷವಾಗಿದೆ, ಕ್ರಿಯಾಪದ ಬಂದಿಲ್ಲ. ಆದರೆ ಸೇವಕನು ಅಲ್ಲಿ ನಿಲ್ಲುವಂತಿಲ್ಲ. ಅವಧಾನವನ್ನು ಕಂಡವರಿಗೆ ಇದು ಹೊಸದಲ್ಲ. ಅಷ್ಟಾವಧಾನಿಯು ಒಬ್ಬ ಪೃಚ್ಛಕನಿಗೆ ಪದ್ಯದ ಒಂದು ಪಾದವನ್ನು ಹೇಳಿ, ಅದನ್ನು ಅಲ್ಲಿಯೇ ಬಿಟ್ಟು, ಮುಂದಿನವನತ್ತ ತಿರುಗುತ್ತಾನೆ. ಎರಡನೆಯ ಆವರ್ತದಲ್ಲಿ ಬಿಟ್ಟಲ್ಲಿಂದ ಹಿಡಿಯುತ್ತಾನೆ. ನಡುನಡುವೆ ಗಂಟೆಯ ಬಡಿತಗಳನ್ನು ಎಣಿಸಬೇಕು. ಅಪ್ರಸ್ತುತಪ್ರಸಂಗಿಯಂತೂ ಯಾವಾಗ ಬಾಯಿಹಾಕುವನೋ ತಿಳಿಯದು. ಘಟನಾಚಕ್ರದಲ್ಲಿ ಬರುವವರೆಲ್ಲರೂ ಅಪ್ರಸ್ತುತಪ್ರಸಂಗಿಗಳೇ, ಯಾರಿಗೂ ಸರದಿಯೆಂಬುದಿಲ್ಲ.

ಆದರೆ ಅವಧಾನಿಗೆ ಧಾರಣಶಕ್ತಿಯುಂಟು; ಸಿ ಭಾಷೆಯ ಕಾರ್ಯಭಾಗಕ್ಕೆ ಅದಿಲ್ಲ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಹಿಂತಿರುಗಿದ ಕ್ಷಣವೇ ಅದರ ಒಳಗಿನ ಸ್ಮರಣೆಯೆಲ್ಲ ಅಳಿದುಹೋಗುತ್ತದೆ. ಬರೆಯುವವನು ಪ್ರತಿಯೊಬ್ಬ ಅತಿಥಿಗೂ ಬೇರೊಂದು ಸ್ಥಳದಲ್ಲಿ ಓಲೆಯೊಂದನ್ನಿಟ್ಟು, ಎಷ್ಟು ಅಕ್ಷರ ಬಂದಿತು, ಉತ್ತರದಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು, ಮುಂದೆ ಮಾಡತಕ್ಕದ್ದೇನು ಎಂಬುದನ್ನೆಲ್ಲ ಬರೆದಿರಿಸಬೇಕು. ಅತಿಥಿಯು ಹೋದಮೇಲೆ ಆ ಓಲೆಯನ್ನು ತಾನೇ ಹರಿಯಬೇಕು. ಈ ವಿದ್ಯೆಯ ಅಪಾಯಗಳಲ್ಲಿ ಹೆಚ್ಚಿನವು ಓಲೆ ಹರಿಯುವ ಈ ಗಳಿಗೆಯಲ್ಲಿಯೇ ಅಡಗಿವೆ.

ಒಂದನ್ನು ವಿಸ್ತರಿಸಿ ಹೇಳುವುದು ಯುಕ್ತ. ಈಪೋಲ್ ಒಮ್ಮೆಗೆ ಹಲವು ಸುದ್ದಿಗಳನ್ನು ಗಂಟುಕಟ್ಟಿ ಕೊಡುತ್ತದೆ. ಗಂಟಿನ ಮೂರನೆಯ ಸುದ್ದಿಯನ್ನು ನಿರ್ವಹಿಸುವಾಗ ಏಳನೆಯ ಬಾಗಿಲನ್ನು ಮುಚ್ಚಿ ಅದರ ಓಲೆಯನ್ನು ಹಿಂದಕ್ಕೆ ಹಾಕಿದ್ದಾಯಿತೆನ್ನೋಣ. ನಾಲ್ಕನೆಯ ಸುದ್ದಿ ಹೊಸ ಅತಿಥಿಯ ಆಗಮನ. ಖಾಲಿಯಿರುವ ಸಂಖ್ಯೆಗಳಲ್ಲಿ ಅತಿ ಚಿಕ್ಕದನ್ನು ಕೊಡುವುದು ಕರ್ನೆಲ್ಲಿನ ನಿಯಮವಾದುದರಿಂದ ಅವನಿಗೂ ಏಳೇ ಸಿಕ್ಕುವುದು. ಅದೇ ಓಲೆಯೇ ಅವನ ಪಾಲಿಗೆ ಬರುವುದು. ಆದರೆ ಹೋದವನ ಕುರಿತಾದ ಸುದ್ದಿಯೊಂದು ಗಂಟಿನ ಐದನೆಯದಾಗಿ ಇನ್ನೂ ಉಳಿದಿದೆ! ಅದು ಬಂದವನ ತಲೆಗೆ ಕಟ್ಟಲ್ಪಡುತ್ತದೆ. ಹೋದವನು ಕೈಬಿಟ್ಟು ಹೋದನೆಂಬ ಸುದ್ದಿಯಾದರೆ ಈಗತಾನೆ ಬಂದವನನ್ನು ಹೊರದಬ್ಬಿದಂತಾಯಿತು. ಓಲೆಯು ಹರಿದುಹೋಗಿ ಆ ಜಾಗ ಬೇರೆ ಕೆಲಸಕ್ಕೆ ಸಂದಿದ್ದರಂತೂ ಒಬ್ಬನ ಗುಟ್ಟು ಇನ್ನೊಬ್ಬನ ಕೈಗೆ ಬೀಳುವುದುಂಟು. ಎಂಜಿನ್‌ಎಕ್ಸಿನಲ್ಲಿ ಇದಕ್ಕೊಂದು ಜಾಣತನವನ್ನು ಮಾಡಿದ್ದಾರೆ. ಓಲೆಯನ್ನು ಹೊಸಬನಿಗೆ ಕೊಡುವಾಗಲೆಲ್ಲ ಅದರ ಮೇಲಿನ ಒಂದೇ ಒಂದು ಬಿಟ್ಟನ್ನು ಸೊನ್ನೆಯಿದ್ದರೆ ಒಂದೆಂದೂ ಒಂದಿದ್ದರೆ ಸೊನ್ನೆಯೆಂದೂ ತಿರುಗಿಸುತ್ತಾರೆ. ಸುದ್ದಿಯ ಮೇಲಿನ ಗುರುತು ಓಲೆಯ ಗುರುತಿನೊಡನೆ ಹೊಂದದಿದ್ದರೆ ಆ ಸುದ್ದಿ ಹಳೆಯದೆಂದು ಬಿಟ್ಟುಬಿಡುತ್ತಾರೆ. ಇಷ್ಟು ಚಿಕ್ಕ ಉಪಾಯಕ್ಕೆ ಇಷ್ಟು ದೊಡ್ಡ ಕೇಡನ್ನು ತಡೆಯುವ ಬಲವಿರುವುದು ಮೆಚ್ಚತಕ್ಕ ಮಾತು.

ಇನ್ನೊಂದು ವ್ರತವಿದೆ: ಯಾರೂ ತಡಮಾಡಕೂಡದು. ಸೇವಕನು ಒಬ್ಬನೇ ಆದುದರಿಂದ ಒಂದೆಡೆ ಅರ್ಧ ಸೆಕೆಂಡು ನಿಂತರೆ ಹತ್ತು ಸಾವಿರ ಮಂದಿಯೂ ಅಷ್ಟು ಹೊತ್ತು ನಿಂತಂತೆಯೇ. ರೆಡಿಸ್ಸಿನಲ್ಲಿ ಎಲ್ಲ ಹೆಸರುಗಳನ್ನೂ ಹುಡುಕುವ ‘ಕೀಸ್’ ಎಂಬ ಅಪ್ಪಣೆಯನ್ನು ದೊಡ್ಡ ಭಂಡಾರದ ಮೇಲೆ ನಡೆಸಬಾರದೆಂದು ಎಚ್ಚರಿಕೆ ಕೊಟ್ಟಿರುವುದು ಇದರಿಂದಲೇ. ಡಿಸ್ಕಿನ ಕಡತಗಳ ವಿಷಯದಲ್ಲಿ ಈ ವ್ರತವನ್ನು ಪಾಲಿಸುವುದು ಬಹು ಕಷ್ಟ. ‘ತಡೆಯಕೂಡದು’ ಎಂಬ ಗುರುತು ಅವುಗಳ ಮೇಲೆ ಕೆಲಸ ಮಾಡುವುದಿಲ್ಲ. ಈಪೋಲ್ ಅವುಗಳನ್ನು ತನ್ನ ಪಟ್ಟಿಗೇ ಸೇರಿಸಿಕೊಳ್ಳುವುದಿಲ್ಲ. ಕಡೆಗೆ ಎಂಜಿನ್‌ಎಕ್ಸಿನವರೂ 2015ರಲ್ಲಿ, ಕಡತ ಓದುವ ಕೆಲಸಕ್ಕೆಂದು, ತಾವು ದೂರವಿಟ್ಟಿದ್ದ ಥ್ರೆಡ್ಡುಗಳನ್ನೇ ಮರಳಿ ಕರೆದರು. ನೋಡ್‌ಜೆಎಸ್ಸಿನ ಕೆಳಗೆ ದುಡಿಯುವ ಲಿಬ್‌ಯುವಿಯಲ್ಲಿಯೂ ಇಂಥ ನಾಲ್ವರು ಸೇವಕರು ತೆರೆಮರೆಯಲ್ಲಿರುತ್ತಾರೆ.

2019ರಲ್ಲಿ ಜೆನ್ಸ್ ಆಕ್ಸ್‌ಬೋ ಅವರು ಲಿನಕ್ಸಿಗೆ ಸೇರಿಸಿದ ‘ಐಒ ಯೂರಿಂಗ್’ ಈ ಕ್ರಮವನ್ನೇ ತಿರುವಿಹಾಕಿತು. ಮಾತು ಬಂದಿದೆ, ಓದಿಕೊ ಎಂದು ಈಪೋಲ್ ತಿಳಿಸುತ್ತಿದ್ದಿತು. ಇಂತಹ ಪಾತ್ರೆಯಲ್ಲಿ ತುಂಬಿಡು ಎಂದು ಅಪ್ಪಣೆಕೊಟ್ಟರೆ ತುಂಬಿದ್ದಾಯಿತೆಂದು ಇದು ತಿಳಿಸುತ್ತದೆ. ಕಡತಗಳಿಗೂ ಇದು ಒದಗುವುದರಿಂದ ಹಳೆಯ ತೊಡಕೊಂದು ಬಹುಮಟ್ಟಿಗೆ ನೀಗಿತು. ಆದರೆ ಓಲೆಯ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ಕೊಂಚ ಬಿಗಿಯಾಯಿತೆಂದರೂ ಸಲ್ಲುವುದು. ಅತಿಥಿಯು ಎದ್ದುಹೋದನೆಂದು ಪಾತ್ರೆಯನ್ನು ಒಡನೆಯೇ ಎತ್ತಿಬಿಡುವಂತಿಲ್ಲ. ಕರ್ನೆಲ್ಲು ಅದರಲ್ಲಿ ಇನ್ನೂ ಬಡಿಸುತ್ತಿರಬಹುದು. ಮುಗಿಯಿತೆಂಬ ಮಾತು ಅದರ ಕಡೆಯಿಂದ ಬರುವವರೆಗೂ ಪಾತ್ರೆಯು ಇದ್ದಲ್ಲಿಯೇ ಇರತಕ್ಕದ್ದು.